ಎರಡು ಮನೆಗಳ ನಡುವಣ ಪಾವು

ಸಂಘದ ಪತ್ರಿಕೆಗೆ ಚರಿತ್ರೆಯ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನನ್ನ ಮನಸ್ಸು ಮೊದಲು ಕೋಟೆಕೊತ್ತಲಗಳ ಕಡೆಗೆ ಹೋಯಿತು. ನಮ್ಮ ಸೀಮೆಯಲ್ಲಿ ಅವಕ್ಕೆ ಬರವಿಲ್ಲ. ಕೃಷ್ಣಗಿರಿಯ ಬೆಟ್ಟದ ಮೇಲೊಂದು ಕೋಟೆ, ರಾಯಕೋಟೆಯಲ್ಲೊಂದು ಕೋಟೆ. ಡೆಂಕಣಿಕೋಟೆಗೆ ಹೆಸರೇ ಕೋಟೆಯಿಂದ ಬಂದದ್ದು. ಆದರೆ ಬರೆಯಲು ಕುಳಿತ ದಿನವೇ ನಮ್ಮ ಮನೆಗೂ ಪಕ್ಕದ ಮನೆಗೂ ಮಾತು ನಿಂತುಹೋಗಿ ಹದಿನೈದು ದಿನಗಳಾಗಿದ್ದವು. ಕಾರಣ, ಒಂದು ಪಾವು ರಾಗಿ. ಅಡುಗೆಮನೆಯಲ್ಲಿ ಯುದ್ಧ ನಡೆಯುತ್ತಿರುವಾಗ ಹೈದರಾಲಿಯ ಯುದ್ಧಗಳನ್ನು ಕುರಿತು ಬರೆಯುವುದು ನನ್ನಿಂದಾಗಲಿಲ್ಲ. ಆದುದರಿಂದ ವಾಚಕರು ಕ್ಷಮಿಸಬೇಕು. ಇದು ಪಾವಿನ ಚರಿತ್ರೆ.

ನಾಟ್ರಾಂಪಾಳ್ಯದ ನಮ್ಮ ಬೀದಿಯಲ್ಲಿ ಎರಡು ಮನೆಗಳ ನಡುವೆ ಇರುವುದು ಮೊಣಕಾಲೆತ್ತರದ ಒಂದು ಗೋಡೆ. ಆ ಗೋಡೆಯ ಮೇಲಿಂದ ದಿನವೊಂದಕ್ಕೆ ಏನೇನು ಆಚೆಗೂ ಈಚೆಗೂ ದಾಟುತ್ತದೆಂಬುದಕ್ಕೆ ಲೆಕ್ಕವಿಟ್ಟವರಿಲ್ಲ. ಬೆಳಗ್ಗೆ ಬೆಂಕಿಪೊಟ್ಟಣ, ಮಧ್ಯಾಹ್ನ ಹಿಡಿ ಹುಣಿಸೆಹಣ್ಣು, ಸಂಜೆ ಹೆಪ್ಪಿಗೆ ಒಂದು ಚಮಚ ಮೊಸರು, ರಾತ್ರಿ ಮಗುವಿನ ಜ್ವರಕ್ಕೆ ಒಂದು ಮಾತ್ರೆ. ಇವಾವುವನ್ನೂ ಯಾರೂ ಅಳೆಯುವುದಿಲ್ಲ. ಅಳೆಯುವುದು ರಾಗಿ, ಅಕ್ಕಿ, ಹುರುಳಿ, ಅವರೆ ಮೊದಲಾದ ಕಾಳುಗಳನ್ನು ಮಾತ್ರ. ಎಲ್ಲಿ ಅಳತೆ ಬಂದಿತೋ ಅಲ್ಲಿ ಮನಸ್ತಾಪಕ್ಕೂ ಒಂದು ಮಣೆ ಹಾಕಿದಂತಾಯಿತು.

ನಡೆದದ್ದು ಇಷ್ಟೆ. ಕಳೆದ ಬೇಸಗೆಯಲ್ಲಿ ಪಕ್ಕದ ಮನೆಗೆ ನೆಂಟರು ಬಂದರು. ಆ ಮನೆಯಾಕೆ ಗೋಡೆಯ ಬಳಿ ನಿಂತು, "ಅಕ್ಕಾ, ನಾಲ್ಕು ಪಾವು ರಾಗಿ ಇದ್ದರೆ ಕೊಡಿ, ಸೋಮವಾರ ಹಿಂದಿರುಗಿಸುತ್ತೇನೆ" ಎಂದರು. ನಮ್ಮ ತಾಯಿಯವರು ಕೊಟ್ಟರು. ಸೋಮವಾರ ತಪ್ಪದೆ ರಾಗಿ ಹಿಂದಕ್ಕೂ ಬಂದಿತು. ನಮ್ಮ ತಾಯಿಯವರು ಅದನ್ನು ಮೊರಕ್ಕೆ ಸುರಿದುಕೊಂಡು ಒಂದು ನಿಮಿಷ ನೋಡಿದರು. "ನಾನು ಕೊಟ್ಟದ್ದು ಗುಡ್ಡೆ, ಬಂದದ್ದು ಬಯಲು" ಎಂದರು. ಈ ಮಾತು ಗೋಡೆ ದಾಟಿತು. ಆಚೆಯಿಂದ, "ಅಕ್ಕನವರ ಪಾವಿನ ಹೊಟ್ಟೆ ಒಳಕ್ಕೆ ಹೋಗಿರುವುದನ್ನು ಊರಿನಲ್ಲಿ ಯಾರೂ ಹೇಳುವುದಿಲ್ಲ, ನಾನೂ ಇದುವರೆಗೆ ಹೇಳಿರಲಿಲ್ಲ" ಎಂಬ ಉತ್ತರ ಬಂದಿತು. ಅಂದಿಗೆ ಬೆಂಕಿಪೊಟ್ಟಣವೂ ನಿಂತಿತು, ಮೊಸರೂ ನಿಂತಿತು. ಎರಡೂ ಮನೆಯವರು ನನ್ನನ್ನು, "ನೀವು ಮೇಷ್ಟ್ರು, ನೀವೇ ಹೇಳಿ" ಎಂದು ಕೇಳಿದರು. ನಾಲ್ಕನೆಯ ತರಗತಿಗೆ ಲೀಟರು, ಕಿಲೋಗ್ರಾಂಗಳ ಪಾಠ ಹೇಳುವ ನನಗೆ ಒಂದು ಪಾವು ಎಂದರೆ ಎಷ್ಟೆಂದು ಖಂಡಿತವಾಗಿ ಹೇಳಲಾಗಲಿಲ್ಲ.

ಹೇಳಲಾಗದಿದ್ದುದಕ್ಕೆ ಚರಿತ್ರೆಯೇ ಕಾರಣ. ಪಾವು ಎಂಬ ಶಬ್ದ ಉತ್ತರದ ಕಡೆಯಿಂದ ಬಂದದ್ದು. ಅದರ ಅರ್ಥ ಕಾಲುಭಾಗ. ಸಂಸ್ಕೃತದ ಪಾದವೇ ಸವೆದು ಸವೆದು ಪಾವಾಯಿತು. ನಾಲ್ಕು ಚಟಾಕಿಗೆ ಒಂದು ಪಾವು, ಎರಡು ಪಾವಿಗೆ ಒಂದು ಅಚ್ಚೇರು, ನಾಲ್ಕು ಪಾವಿಗೆ ಒಂದು ಸೇರು. ಹಾಗಾದರೆ ಪಾವಿನ ಗಾತ್ರ ಸೇರನ್ನು ಅವಲಂಬಿಸಿತು. ಸೇರಿನ ಗಾತ್ರ ಯಾವುದನ್ನು ಅವಲಂಬಿಸಿತು ಎಂದರೆ ಊರನ್ನು. ಇದಕ್ಕಿಂತ ಹಿಂದಿನ ನಮ್ಮ ಶಾಸನಗಳಲ್ಲಿ ಸೊಲಗೆ, ಮಾನ, ಬಳ್ಳ, ಕೊಳಗ, ಖಂಡುಗಗಳು ಕಾಣುತ್ತವೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ದೇವಸ್ಥಾನಕ್ಕೆ ಭೂಮಿ ಬಿಟ್ಟ ದಾನಿಗಳು ಇಷ್ಟು ಕೊಳಗ ಗದ್ದೆ, ಇಷ್ಟು ಖಂಡುಗ ಗದ್ದೆ ಎಂದು ಬರೆಯಿಸುತ್ತಿದ್ದರು. ಎಂದರೆ ಅಷ್ಟು ಬೀಜ ಬಿತ್ತಲು ತಕ್ಕ ನೆಲ. ನೆಲವನ್ನೇ ಧಾನ್ಯದಿಂದ ಅಳೆದ ಜನ ನಾವು. ಕಲ್ಲು ನೆಲದಲ್ಲಿ ಬೀಜ ತೆಳುವಾಗಿ ಬಿತ್ತಿದರೆ ಖಂಡುಗದ ಹೊಲ ಹಿರಿದಾಗುತ್ತದೆ, ಮಂದವಾಗಿ ಬಿತ್ತಿದರೆ ಕಿರಿದಾಗುತ್ತದೆ. ಅಮೀನರಿಗೆ ಇದು ತಲೆನೋವಾಗಿದ್ದಿರಬಹುದು. ರೈತನಿಗೆ ಮಾತ್ರ ಇದರಿಂದ ನೆಲದ ಗುಣವೂ ತಿಳಿಯುತ್ತಿತ್ತು.

ತೂಕಕ್ಕೂ ಅಳತೆಗೂ ಸರಕಾರದ ಮುದ್ರೆ ಬೇಕೆಂಬ ವಿಚಾರ ಹೊಸದೇನೂ ಅಲ್ಲ. ಸಿಂಧೂ ಬಯಲಿನ ಪಟ್ಟಣಗಳಲ್ಲಿ ಅಗೆದು ತೆಗೆದ ಚೌಕನೆಯ ಕಲ್ಲುಬೊಟ್ಟುಗಳು ಒಂದು, ಎರಡು, ನಾಲ್ಕು, ಎಂಟು, ಹದಿನಾರು ಎಂಬ ಕ್ರಮದಲ್ಲಿ ಇಮ್ಮಡಿಯಾಗುತ್ತ ಹೋಗುತ್ತವೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಪೌತವಾಧ್ಯಕ್ಷನೆಂಬ ಅಧಿಕಾರಿಯೇ ಇದ್ದಾನೆ. ವರ್ತಕರು ನಾಲ್ಕು ತಿಂಗಳಿಗೊಮ್ಮೆ ತಮ್ಮ ತೂಕದ ಬೊಟ್ಟುಗಳಿಗೆ ಅವನಿಂದ ಮುದ್ರೆ ಹಾಕಿಸಿಕೊಳ್ಳಬೇಕು. ಆದರೆ ಮುದ್ರೆ ಬಿದ್ದದ್ದು ಪೇಟೆಯ ತಕ್ಕಡಿಗೆ. ಅಡುಗೆಮನೆಯ ಪಾವಿಗೆ ಯಾವ ಕಾಲದಲ್ಲಿಯೂ ಯಾವ ಅಧ್ಯಕ್ಷನೂ ಬಂದದ್ದಿಲ್ಲ.

ನಮ್ಮ ಸೀಮೆಯ ತೊಡಕು ಇನ್ನೂ ಒಂದು ಸುತ್ತು ಹೆಚ್ಚು. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲು ಟಿಪ್ಪುವಿನ ಕೈಬಿಟ್ಟು ಕಂಪನಿಗೆ ಸೇರಿತು. ಕ್ಯಾಪ್ಟನ್ ಅಲೆಕ್ಸಾಂಡರ್ ರೀಡನೂ ಅವನ ಸಹಾಯಕನಾಗಿ ಥಾಮಸ್ ಮನ್ರೋನೂ ಬಂದು ಹೊಲಗಳನ್ನು ಅಳೆಯಿಸಲು ತೊಡಗಿದರು. ಮನ್ರೋ ಇಲ್ಲಿ ಏಳು ವರ್ಷ ಕಲಿತ ಪಾಠವೇ ಮುಂದೆ ರೈತವಾರಿ ಪದ್ಧತಿಯಾಗಿ ಮದರಾಸು ಪ್ರಾಂತವನ್ನೆಲ್ಲ ವ್ಯಾಪಿಸಿತು. ಹೊಸೂರು, ಡೆಂಕಣಿಕೋಟೆಯ ಮೇಲುಸೀಮೆ ಆಗ ಇನ್ನೂ ಮೈಸೂರಿನದೇ. 1799ರಲ್ಲಿ ಟಿಪ್ಪು ಮಡಿದ ಮೇಲೆ ಅದೂ ಕಂಪನಿಗೆ ಹೋಗಿ ಸೇಲಂ ಜಿಲ್ಲೆಗೆ ಸೇರಿತು. ಹೀಗೆ ಮಾತು ಕನ್ನಡ, ಸಂಬಂಧ ಬೆಳೆಸುವುದು ಕಾವೇರಿಯ ಆಚೆಗೆ, ಆನೇಕಲ್ಲಿನ ಕಡೆಗೆ. ಕಂದಾಯ ಕಟ್ಟುವುದು ಮಾತ್ರ ಸೇಲಂಗೆ. ಸಂತೆಯಲ್ಲಿಯೂ ಇದೇ ಇಬ್ಬಂದಿ. ಒಬ್ಬ ವರ್ತಕ ಸೇರು, ಪಾವು ಎಂದರೆ ಇನ್ನೊಬ್ಬ ಪಡಿ, ಉಳಕ್ಕು, ಆಳಾಕ್ಕು ಎನ್ನುತ್ತಿದ್ದ. ಪಡಿಯ ಕಾಲುಭಾಗ ಉಳಕ್ಕು, ಅರೆಕಾಲು ಭಾಗ ಆಳಾಕ್ಕು. ಮದರಾಸು ಪಡಿ ನಮ್ಮ ಸೇರಿಗಿಂತ ದೊಡ್ಡದು. ಆದುದರಿಂದ ಉಳಕ್ಕನ್ನು ಪಾವೆಂದು ತಿಳಿದು ವ್ಯವಹರಿಸಿದವನು ಯಾವುದೋ ಒಂದು ಕೈಯಲ್ಲಿ ಮೋಸಹೋಗಲೇಬೇಕು.

ಸೇರಿನಲ್ಲಿಯೂ ಎರಡು ಬಗೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಕಂಪನಿಯ ಅಪ್ಪಣೆಯಂತೆ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನೆಲ್ಲ ಸುತ್ತಿ ಕಂಡದ್ದನ್ನು ಬರೆದಿಟ್ಟನು. 1807ರಲ್ಲಿ ಅದು ಮೂರು ಸಂಪುಟಗಳಾಗಿ ಅಚ್ಚಾಯಿತು. ಆತನು ಪೇಟೆಪೇಟೆಯ ಅಳತೆಗಳನ್ನು ಎಷ್ಟು ಶ್ರದ್ಧೆಯಿಂದ ಗುರುತಿಸಿಕೊಂಡಿದ್ದಾನೆಂದರೆ, ಓದುವವನಿಗೆ ಅವನ ಮೇಲೆ ಗೌರವವೂ ಅವನ ಕಷ್ಟದ ಮೇಲೆ ಕನಿಕರವೂ ಒಟ್ಟಿಗೆ ಹುಟ್ಟುತ್ತವೆ. ಕಚ್ಚಾ ಸೇರು ಎಂಬುದು 24 ರೂಪಾಯಿ ನಾಣ್ಯಗಳ ತೂಕ. ಇಂದಿನ ಲೆಕ್ಕದಲ್ಲಿ ಸುಮಾರು 280 ಗ್ರಾಂ. ಬೆಲ್ಲ, ಹುಣಿಸೆ, ತರಕಾರಿಗಳಿಗೆ ಅದು. ಕಾಳಿಗೆ ಪಕ್ಕಾ ಸೇರು. ಸರಕಾರದ ರೈಲಿನ ಸೇರಾದರೋ 80 ತೊಲ, ಎಂದರೆ 933 ಗ್ರಾಂ. ಒಂದೇ ಹೆಸರಿಟ್ಟುಕೊಂಡ ಅಣ್ಣತಮ್ಮಂದಿರಲ್ಲಿ ಒಬ್ಬ ಇನ್ನೊಬ್ಬನಿಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ! 'ಸೇರಿಗೆ ಸವಾಸೇರು' ಎಂಬ ಗಾದೆ ಇಂಥ ಸಂತೆಯಲ್ಲಿಯೇ ಹುಟ್ಟಿರಬೇಕೆಂದು ನನ್ನ ಊಹೆ.

ಇಲ್ಲಿ ಒಂದು ಕಾಲಸಂಯೋಗವನ್ನು ವಿದ್ಯಾರ್ಥಿಗಳು ಗಮನಿಸಬೇಕು. 1792ರಲ್ಲಿ ರೀಡ್, ಮನ್ರೋ ಬಾರಾಮಹಲಿಗೆ ಕಾಲಿಟ್ಟಾಗಲೇ ಫ್ರಾನ್ಸ್ ದೇಶದಲ್ಲಿ ಡೆಲಾಂಬ್ರ್, ಮೆಷೇನ್ ಎಂಬ ಇಬ್ಬರು ಖಗೋಳಜ್ಞರು ಡಂಕರ್ಕಿನಿಂದ ಬಾರ್ಸೆಲೋನಾದವರೆಗೆ ಭೂಮಿಯನ್ನು ಅಳೆಯಲು ಹೊರಟಿದ್ದರು. ಉತ್ತರಧ್ರುವದಿಂದ ಭೂಮಧ್ಯರೇಖೆಯವರೆಗಿನ ದೂರದ ಕೋಟಿಯಲ್ಲೊಂದು ಪಾಲನ್ನು ಒಂದು ಮೀಟರೆಂದು ಗೊತ್ತುಮಾಡಬೇಕೆಂಬುದು ಅವರ ಉದ್ದೇಶ. ಶ್ರೀರಂಗಪಟ್ಟಣ ಬಿದ್ದು ನಮ್ಮ ಹೊಸೂರು ಕಂಪನಿಗೆ ಹೋದ 1799ರಲ್ಲಿಯೇ ಪ್ಯಾರಿಸ್ಸಿನಲ್ಲಿ ಪ್ಲಾಟಿನಮ್ಮಿನ ಮೀಟರೂ ಕಿಲೋಗ್ರಾಮೂ ಭಂಡಾರಕ್ಕೆ ಸೇರಿದವು. ಆ ದೇಶದವರಿಗೆ ಈ ಹಟವೇಕೆ ಬಂದಿತು? 1789ರಲ್ಲಿ ಅಲ್ಲಿನ ರೈತರು ದೊರೆಗೆ ಬರೆದುಕೊಂಡ ಅಹವಾಲುಗಳಲ್ಲಿ ಅಳತೆಯ ಅನ್ಯಾಯ ಮತ್ತೆ ಮತ್ತೆ ಬರುತ್ತದೆ. ಜಮೀನುದಾರನ ಕೊಳಗ ವರ್ಷವರ್ಷಕ್ಕೆ ಹಿಗ್ಗುತ್ತದೆ. ಗೇಣಿ ತೆಗೆದುಕೊಳ್ಳುವಾಗ ಅವನು ಗುಡ್ಡೆ ಏರಿಸಿ ಅಳೆಯುತ್ತಾನೆ, ಮಾರುವಾಗ ಬಾಯಿಮಟ್ಟಕ್ಕೆ ಸವರಿ ಅಳೆಯುತ್ತಾನೆ. ಇಂಗ್ಲೆಂಡಿನಲ್ಲಿಯೂ ಗುಡ್ಡೆಯಳತೆಯನ್ನು 1830ರ ದಶಕದಲ್ಲಿ ಕಾನೂನಿನಿಂದಲೇ ನಿಲ್ಲಿಸಬೇಕಾಯಿತು. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಗೋಡೆಯ ಆಚೆ ನೋಡಿದೆ. ನಮ್ಮ ತಾಯಿಯವರ ಗುಡ್ಡೆ, ಬಯಲುಗಳಿಗೆ ಇಷ್ಟು ದೊಡ್ಡ ಮನೆತನವಿದೆಯೆಂದು ನಾನು ಎಣಿಸಿರಲಿಲ್ಲ.

ಇಂಡಿಯಾ ದೇಶಕ್ಕೆ ಕಿಲೋಗ್ರಾಂ ಬರಲು ಇನ್ನೂ ನೂರೈವತ್ತು ವರ್ಷಗಳಿಗೂ ಮೇಲಾಯಿತು. 1870ರ ಸುಮಾರಿಗೆ ಕಂಪನಿಯ ಸರಕಾರ ಹೋಗಿ ರಾಣಿಯ ಸರಕಾರವಿದ್ದಾಗ ಒಂದು ಕಾನೂನು ಮಾಡಿದರು; ಅದು ಕಾಗದದ ಮೇಲೆಯೇ ಉಳಿಯಿತು. ಸ್ವಾತಂತ್ರ್ಯ ಬಂದ ಮೇಲೆ ಮೊದಲು ಬದಲಾದದ್ದು ನಾಣ್ಯ, ಆಮೇಲೆ ತೂಕ. 1957ರ ಏಪ್ರಿಲ್ 1ರಂದು ನಯಾಪೈಸೆ ಚಲಾವಣೆಗೆ ಬಂದಿತು. 1956ರ ತೂಕ, ಅಳತೆಗಳ ಕಾಯಿದೆಯಂತೆ 1958ರ ಅಕ್ಟೋಬರ್ 1ರಿಂದ ಮೆಟ್ರಿಕ್ ತೂಕಗಳು ಹಂತಹಂತವಾಗಿ ಬಂದವು. 1962ರ ಹೊತ್ತಿಗೆ ಅಂಗಡಿಯ ತಕ್ಕಡಿಯಿಂದ ಸೇರು, ವೀಸೆಗಳು ಇಳಿದುಹೋದವು.

ನಮ್ಮ ಅಜ್ಜಿ ಈ ಮನೆಗೆ ಸೊಸೆಯಾಗಿ ಬಂದದ್ದು ನಯಾಪೈಸೆ ಹೊಸದಾಗಿ ಬಂದಿದ್ದ ವರ್ಷದಲ್ಲಿ. ಹೊಸಿಲ ಮೇಲೆ ಅಕ್ಕಿ ತುಂಬಿಟ್ಟ ಸೇರನ್ನು ಬಲಗಾಲಿನಿಂದ ನೂಕಿ ಒಳಗೆ ಬಂದರಂತೆ. ತವರಿನಿಂದ ತಂದಿದ್ದ ಪಾತ್ರೆಗಳಲ್ಲಿ ಹಿತ್ತಾಳೆಯ ಬಾಯಂಚಿನ ಒಂದು ಪಾವೂ ಇತ್ತು. ಈಗ ಜಗಳಕ್ಕೆ ಕಾರಣವಾಗಿರುವುದು ಆ ಪಾವೇ. ಇನ್ನೊಂದು ವಿಷಯವನ್ನು ಹೇಳಿಬಿಡುತ್ತೇನೆ. ನಮ್ಮ ಅಜ್ಜಿ ಮನೆ ಬದಲಾಯಿಸದೆಯೇ ಮೂರು ಜಿಲ್ಲೆಗಳಲ್ಲಿ ಬಾಳಿದವರು. 1965ರವರೆಗೆ ಸೇಲಂ, ಆಮೇಲೆ ಧರ್ಮಪುರಿ, 2004ರಿಂದ ಕೃಷ್ಣಗಿರಿ. ಭಾಷಾವಾರು ಪ್ರಾಂತ ರಚನೆಯಲ್ಲಿ, 1956ರ ನವೆಂಬರ್ 1ರಂದು, ಹೊಳೆಯ ಆಚೆಯ ಕೊಳ್ಳೇಗಾಲ ಮದರಾಸನ್ನು ಬಿಟ್ಟು ಮೈಸೂರಿಗೆ ಹೋಯಿತು. ಈಚೆಯ ನಾವು ಇದ್ದಲ್ಲಿಯೇ ಉಳಿದೆವು. ಅಜ್ಜಿಗೆ ಇದಾವುದರ ನೆನಪೂ ಗಟ್ಟಿಯಾಗಿರಲಿಲ್ಲ. ಗಟ್ಟಿಯಾಗಿ ನೆನಪಿದ್ದದ್ದು ನಯಾಪೈಸೆ.

ಅದಕ್ಕೆ ಕಾರಣವುಂಟು. ಹಳೆಯ ರೂಪಾಯಿಗೆ 16 ಆಣೆ, ಆಣೆಗೆ 12 ಕಾಸು, ಮೂರು ಕಾಸು ಸೇರಿ ಒಂದು ಮುಕ್ಕಾಸು. ಹೊಸ ರೂಪಾಯಿಗೆ 100 ನಯಾಪೈಸೆ. ನೂರನ್ನು ಹದಿನಾರರಿಂದ ಭಾಗಿಸಿದರೆ ಆರೂಕಾಲು. ಕಾಲು ಪೈಸೆಯ ನಾಣ್ಯವಿಲ್ಲ. ಆದುದರಿಂದ ಸರಕಾರ ಒಂದು ಪಟ್ಟಿ ಮಾಡಿ ಕೊಟ್ಟಿತು: ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ಅಜ್ಜಿ ಆಗ ನಾಲ್ಕಾರು ಮನೆಗಳಿಗೆ ದಿನವೂ ಒಂದಾಣೆಯ ಹಾಲು ಹಾಕುತ್ತಿದ್ದರು. ಏಪ್ರಿಲ್ ತಿಂಗಳಿಂದ ಮನೆಗಳವರು ದಿನಕ್ಕೆ ಆರು ನಯಾಪೈಸೆ ಕೊಡತೊಡಗಿದರು. ಮೂವತ್ತು ದಿನಕ್ಕೆ 180 ಪೈಸೆ. ಹಳೆಯ ಲೆಕ್ಕದಲ್ಲಿ ಮೂವತ್ತಾಣೆ, ಎಂದರೆ ಒಂದು ರೂಪಾಯಿ ಹದಿನಾಲ್ಕಾಣೆ. ಹೊಸ ಲೆಕ್ಕದಲ್ಲಿ 187 ಪೈಸೆ ಚಿಲ್ಲರೆ. ತಿಂಗಳಿಗೆ ಒಂದಾಣೆಗೂ ಮೇಲ್ಪಟ್ಟು ಎಲ್ಲಿ ಹೋಯಿತು? ಕೊಟ್ಟವರು ಮೋಸಮಾಡಲಿಲ್ಲ, ಸರಕಾರವೂ ಮೋಸಮಾಡಲಿಲ್ಲ, ಹಾಲಿಗೆ ನೀರು ಹಾಕಿದರೆಂದು ಅಜ್ಜಿಯನ್ನೂ ಯಾರೂ ಅನ್ನಲಿಲ್ಲ. ಆದರೂ ಒಂದಾಣೆ ಇಲ್ಲ. ಓದುಬರಹ ಬಾರದ ಹೆಂಗಸು ಗೋಡೆಯ ಮೇಲೆ ಸುಣ್ಣದ ಗೀಟು ಹಾಕಿ ಇದನ್ನು ಕಂಡುಹಿಡಿದು, ಮರುತಿಂಗಳಿಂದ, "ದಿನದಿನ ಕೊಡಬೇಡಿ, ತಿಂಗಳಿಗೊಮ್ಮೆ ಲೆಕ್ಕ ಮಾಡಿ" ಎಂದುಬಿಟ್ಟರಂತೆ. ಇಬ್ಬರು ಒಪ್ಪಿದರು. ಒಬ್ಬರು, ಒಂದಾಣೆಗಾಗಿ ಇಷ್ಟು ಮಾತೇ ಎಂದು ಹಾಲು ನಿಲ್ಲಿಸಿದರು. ಆ ಮನೆಯವರ ಮದುವೆಗೆ ಅಜ್ಜಿ ಹತ್ತು ವರ್ಷವಾದ ಮೇಲೂ ಹೋಗಲಿಲ್ಲ.

ಈ ಕಥೆಯನ್ನು ನಾನು ಚಿಕ್ಕವನಾಗಿದ್ದಾಗ ನಗುತ್ತ ಕೇಳುತ್ತಿದ್ದೆ. ಈಗ ನಗು ಬರುವುದಿಲ್ಲ. 1964ರಲ್ಲಿ 'ನಯಾ' ಎಂಬುದು ಬಿದ್ದುಹೋಗಿ ಬರಿಯ ಪೈಸೆಯಾಯಿತು. 2011ರ ಜೂನ್ 30ಕ್ಕೆ ನಾಲ್ಕಾಣೆಯೂ ಅದಕ್ಕಿಂತ ಸಣ್ಣ ನಾಣ್ಯಗಳೂ ಚಲಾವಣೆಯಿಂದ ಹೋದವು. ಆದರೆ ಚಿಲ್ಲರೆಯ ಕಿರುಕುಳ ಹೋಗಲಿಲ್ಲ. ಎರಡು ರೂಪಾಯಿಗೆ ಬದಲಾಗಿ ಎರಡು ಪೆಪ್ಪರಮಿಂಟು ಕೊಡುವ ಅಂಗಡಿಗಳನ್ನು ಯಾರು ನೋಡಿಲ್ಲ? ಹತ್ತು ರೂಪಾಯಿಯ ನಾಣ್ಯ ಸರಿಯಾದ ನಾಣ್ಯವೇ ಎಂದು ರಿಸರ್ವ್ ಬ್ಯಾಂಕು ಒಂದಕ್ಕಿಂತ ಹೆಚ್ಚು ಸಲ ಪ್ರಕಟಣೆ ಕೊಟ್ಟಿದೆ. ಆದರೂ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇದು ನಡೆಯುವುದಿಲ್ಲ ಸಾರ್" ಎಂದು ಹಿಂದಕ್ಕೆ ಕೊಡುವವರು ನಮ್ಮ ಸೀಮೆಯಲ್ಲಿ ಬಹಳ. ಅದೇ ನಾಣ್ಯವನ್ನು ಅತ್ತಿಬೆಲೆಯ ಗಡಿ ದಾಟಿಸಿ ನೋಡೋಣವೆಂದು ಜೇಬಿನಲ್ಲಿಟ್ಟುಕೊಂಡು ತಿರುಗುವವರಲ್ಲಿ ನಾನೂ ಒಬ್ಬ.

ಗಡಿಯ ಮಾತು ಬಂದಿತು. ಗಡಿಯಲ್ಲಿರುವವನಿಗೆ ಅಳತೆಯ ತೊಂದರೆ ತಪ್ಪಿದ್ದಲ್ಲ. ನಮ್ಮ ಕಡೆ ಹೊಲವನ್ನು ಸೆಂಟಿನಲ್ಲಿ ಹೇಳುತ್ತೇವೆ; ನೂರು ಸೆಂಟು ಒಂದು ಎಕರೆ. ಆಚೆ ಕರ್ನಾಟಕದಲ್ಲಿ ಗುಂಟೆ. ನಲವತ್ತು ಗುಂಟೆ ಒಂದು ಎಕರೆ. ಒಂದು ಗುಂಟೆಗೆ ಎರಡೂವರೆ ಸೆಂಟು. ಹೆಣ್ಣು ಕೊಡುವ ಮಾತುಕತೆಯಲ್ಲಿ ಹುಡುಗನ ಕಡೆಯವರು ಇಪ್ಪತ್ತು ಗುಂಟೆ ತೋಟವಿದೆಯೆಂದಾಗ ಹುಡುಗಿಯ ಸೋದರಮಾವ ಇಪ್ಪತ್ತು ಸೆಂಟೆಂದು ತಿಳಿದು ಮುಖ ಸಣ್ಣದು ಮಾಡಿಕೊಂಡದ್ದನ್ನು ನಾನೇ ಕಂಡಿದ್ದೇನೆ. ಲೆಕ್ಕ ಬಿಡಿಸಿ ಹೇಳಲು ಅಲ್ಲಿಯೂ ಮೇಷ್ಟ್ರೇ ಬೇಕಾಯಿತು. ನೆಲದ ವಿಷಯದಲ್ಲಿ ಮೆಟ್ರಿಕ್ ಪದ್ಧತಿ ಕಾಗದಪತ್ರಗಳಿಗೆ ಹೆಕ್ಟೇರಾಗಿ ಬಂದಿದೆಯೇ ಹೊರತು ಬಾಯಿಗೆ ಬಂದಿಲ್ಲ.

ನಮ್ಮ ಸೀಮೆಯಲ್ಲಿ ಎಲ್ಲಕ್ಕಿಂತ ದೊಡ್ಡ ಪಾವು ಇರುವುದು ಬಿಳಿಗುಂಡ್ಲುವಿನಲ್ಲಿ. ಕಾವೇರಿ ಕರ್ನಾಟಕದಿಂದ ತಮಿಳುನಾಡಿಗೆ ಬರುವ ದಾರಿಯಲ್ಲಿ, ಹೊಗೇನಕಲ್ಲಿಗೆ ಮೇಲೆ, ಅಲ್ಲಿ ಕೇಂದ್ರ ಜಲ ಆಯೋಗದವರು ಹೊಳೆಯ ನೀರನ್ನು ಅಳೆಯುತ್ತಾರೆ. ಮೈಸೂರು, ಮದರಾಸು ಎಂಬ ಎರಡು ನೆರೆಮನೆಗಳು 1892ರಲ್ಲಿ ಒಮ್ಮೆ, 1924ರಲ್ಲಿ ಇನ್ನೊಮ್ಮೆ ಕರಾರು ಮಾಡಿಕೊಂಡವು. ಆಮೇಲೆ ಬಂದ ಜಗಳಕ್ಕೆ 1990ರಲ್ಲಿ ನ್ಯಾಯಮಂಡಲಿ ಕುಳಿತಿತು. ಸಾಮಾನ್ಯ ವರ್ಷದಲ್ಲಿ ಬಿಳಿಗುಂಡ್ಲುವಿನಲ್ಲಿ 192 ಟಿಎಂಸಿ ಅಳೆದುಕೊಡಬೇಕೆಂದು 2007ರಲ್ಲಿ ಅದು ತೀರ್ಪು ಹೇಳಿತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಅದನ್ನು 177.25 ಟಿಎಂಸಿಗೆ ಇಳಿಸಿತು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ನಮ್ಮ ಲೆಕ್ಕದಲ್ಲಿ 2,831 ಕೋಟಿ ಲೀಟರು. ತರಗತಿಯಲ್ಲಿ ಮಕ್ಕಳಿಗೆ ಅಡಿ, ಅಂಗುಲಗಳನ್ನು ಬಿಡಿಸಿ ಮೀಟರು ಕಲಿಸುತ್ತೇವೆ. ಆದರೆ ನಮ್ಮ ಊರ ಪಕ್ಕದ ಹೊಳೆ ಇಂದಿಗೂ ಅಡಿಯಲ್ಲಿಯೇ ಹರಿಯುತ್ತಿದೆ! ಮಳೆ ಕಡಮೆಯಾದ ವರ್ಷ ಈ ಅಂಕಿಗಳ ಹೆಸರಿನಲ್ಲಿ ಎರಡು ಕಡೆಯೂ ಬಸ್ಸುಗಳು ನಿಲ್ಲುತ್ತವೆ. ಆ ದಿನಗಳಲ್ಲಿ ಹೊಸೂರಿಗೆ ಹೋದ ಕನ್ನಡದವನು ಬೆಂಗಳೂರಿಗೂ ಹೋಗಲಾರ, ಹಿಂದಕ್ಕೆ ಬರಲೂ ಅಳುಕುತ್ತಾನೆ. ನಮ್ಮ ಮನೆಯಲ್ಲಿ ಆಚೆಯ ನೆಂಟರು, ಅವರ ಮನೆಯಲ್ಲಿ ಈಚೆಯ ಹೆಣ್ಣುಮಕ್ಕಳು. ಯಾರ ಪಾವು ಸರಿಯೆಂದು ನಮ್ಮನ್ನು ಕೇಳಿದರೆ ನಾವು ಏನು ಹೇಳೋಣ?

ಮತ್ತೆ ನಮ್ಮ ಪಾವಿಗೆ ಬರುತ್ತೇನೆ. ಇಷ್ಟೆಲ್ಲ ಓದಿದ ಮೇಲೂ ನನಗೆ ದಶಮಾನ ಪದ್ಧತಿಯ ವಿಷಯದಲ್ಲಿ ಒಂದು ಸಣ್ಣ ಆಕ್ಷೇಪಣೆ ಉಳಿದಿದೆ. ಹತ್ತು, ನೂರು, ಸಾವಿರ ಎಂಬುದು ಕಾಗದ ಪೆನ್ಸಿಲು ಹಿಡಿದವನಿಗೆ ಸುಲಭ. ಒಲೆಯ ಮುಂದೆ ನಿಂತವಳಿಗೆ ಅರ್ಧ, ಅರ್ಧದ ಅರ್ಧ, ಅದರ ಅರ್ಧ ಎಂಬುದೇ ಸುಲಭ. ರೊಟ್ಟಿಯನ್ನು ಯಾರೂ ಹತ್ತು ಪಾಲು ಮಾಡುವುದಿಲ್ಲ. ಸೇರು, ಅಚ್ಚೇರು, ಪಾವು, ಅರೆಪಾವು, ಚಟಾಕು. ಇದು ಸಿಂಧೂ ಬಯಲಿನ ಕಲ್ಲುಬೊಟ್ಟುಗಳ ಲೆಕ್ಕವೇ. ಆದುದರಿಂದಲೇ ಕಾನೂನು ಬಂದು ಅರವತ್ತು ವರ್ಷ ದಾಟಿದರೂ, 2009ರಲ್ಲಿ ಮಾಡಿದ ಹೊಸ ಕಾಯಿದೆ ಜಾರಿಯಲ್ಲಿದ್ದರೂ ಪಾವು ಅಡುಗೆಮನೆಯನ್ನು ಬಿಟ್ಟುಹೋಗಿಲ್ಲ. ಪಡಿತರದ ಅಂಗಡಿಯಲ್ಲಿ ವಿದ್ಯುತ್ತಿನ ತಕ್ಕಡಿಯಿಂದ ಕಿಲೋಗ್ರಾಂ ಲೆಕ್ಕದಲ್ಲಿ ತಂದ ಅಕ್ಕಿಯನ್ನು ನಮ್ಮ ತಾಯಿಯವರು ಮನೆಗೆ ಬಂದೊಡನೆ ಪಾವಿನಲ್ಲಿ ಅಳೆದು ಡಬ್ಬಕ್ಕೆ ಹಾಕುತ್ತಾರೆ. ಮೊದಲನೆಯ ಪಾವಿಗೆ 'ಒಂದು' ಎನ್ನುವುದಿಲ್ಲ, 'ಲಾಭ' ಎನ್ನುತ್ತಾರೆ. ಆಮೇಲೆ ಎರಡು, ಮೂರು.

ತರಗತಿಯಲ್ಲಿ ಗಾತ್ರ ಮತ್ತು ತೂಕದ ಪಾಠ ಬಂದಾಗ ನನಗೊಂದು ಉಪಾಯ ಹೊಳೆಯಿತು. ನಮ್ಮ ಪಾವನ್ನು ತಾಯಿಯವರಿಂದ ಕೇಳಿ ತಂದೆ. ಪಕ್ಕದ ಮನೆಯ ಹುಡುಗಿ ನನ್ನ ತರಗತಿಯಲ್ಲಿಯೇ ಓದುತ್ತಾಳೆ. ಅವಳೂ ತಾಯಿಯನ್ನು ಕೇಳಿ ಅವರ ಪಾವನ್ನು ತಂದಳು. ಅಂಗಡಿಯಿಂದ ಒಂದು ಗಂಟೆಯ ಮಟ್ಟಿಗೆ ವಿದ್ಯುತ್ತಿನ ತಕ್ಕಡಿಯನ್ನು ಎರವಲು ತಂದೆವು. ರಾಗಿ ಶಾಲೆಯ ಪಕ್ಕದ ಮನೆಯದು. ಎರಡು ಪಾವುಗಳನ್ನೂ ಮೇಜಿನ ಮೇಲಿಟ್ಟಾಗ ಮಕ್ಕಳೆಲ್ಲ ಪಿಸುಗುಟ್ಟಿದರು. ಜಗಳ ಊರಿಗೆಲ್ಲ ಗೊತ್ತಿದ್ದದ್ದೇ.

ನಮ್ಮ ಪಾವಿನ ಒಂದು ಪಕ್ಕ ಒಳಕ್ಕೆ ತಗ್ಗಿತ್ತು. ಯಾವಾಗ ಬಿದ್ದು ತಗ್ಗಾಯಿತೋ ತಿಳಿಯದು. ಬಾಯಿಮಟ್ಟಕ್ಕೆ ಕೈ ಸವರಿ ಅಳೆದಾಗ ಅದರಲ್ಲಿ ಹಿಡಿಸಿದ ರಾಗಿ 180 ಗ್ರಾಂ. ನಮ್ಮ ತಾಯಿಯವರು ಅಳೆಯುವಂತೆ ಗುಡ್ಡೆ ಏರಿಸಿದಾಗ 197. ಪಕ್ಕದ ಮನೆಯವರ ಪಾವಿನಲ್ಲಿ ಬಾಯಿಮಟ್ಟಕ್ಕೆ 198. ಮಕ್ಕಳು ನಂಬಲಿಲ್ಲ. ಮೂರು ಸಲ ಅಳೆದರು. ಗುಡ್ಡೆ ಏರಿಸಿದ್ದು ಒಂದೊಂದು ಸಲ ಎರಡು ಮೂರು ಗ್ರಾಂ ಆಚೀಚೆ ಆಯಿತು, ಸವರಿದ್ದು ಕದಲಲಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ, "ಸಾರ್, ಹಾಗಾದರೆ ಇಬ್ಬರೂ ಸರಿ" ಎಂದ. ಪಕ್ಕದ ಮನೆಯ ಹುಡುಗಿ ಮಾತ್ರ ತಲೆ ಎತ್ತದೆ ಸ್ಲೇಟಿನ ಮೇಲೆ 198 ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದಳು.

ಸಂಜೆ ಮನೆಗೆ ಬಂದು ಈ ಅಂಕಿಗಳನ್ನು ನಮ್ಮ ತಾಯಿಯವರಿಗೆ ಹೇಳಿದೆ. ಅವರು ಮೊದಲು ತಕ್ಕಡಿಯನ್ನು ಬೈದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗುಡ್ಡೆ ಏರಿಸಿದರೂ ಒಂದು ಕಡಮೆಯೇ?" ಎಂದು ಕೇಳಿದರು. ಒಂದು ಗ್ರಾಮೆಂದರೆ ಹೆಚ್ಚೆಂದರೆ ಒಂದು ಚಿಟಿಕೆ ಎಂದೆ. "ಚಿಟಿಕೆಯಾದರೂ ಕಡಮೆ ಕಡಮೆಯೇ. ಅಂಗಡಿಯಲ್ಲಿ ಸವರಿ ಕೊಡುತ್ತಿದ್ದೆನಲ್ಲ, ಆಚೆಬೀದಿಯವರಿಗೆ, ಅವರಿಗೆಲ್ಲ ಎಷ್ಟು ಹೋಯಿತು?" ಎಂದರು. ಹಿಂದೆ ನಮ್ಮ ಮನೆಯಲ್ಲಿ ಹುರುಳಿಯನ್ನೂ ಅವರೆಯನ್ನೂ ಬಿಡಿಯಾಗಿ ಮಾರುತ್ತಿದ್ದೆವು. ಅದನ್ನು ನಾನು ಮರೆತೇಬಿಟ್ಟಿದ್ದೆ. ಇನ್ನೂರು ಗ್ರಾಮಿಗೆ ಇಪ್ಪತ್ತರಂತೆ ಎಷ್ಟು ವರ್ಷ, ಎಷ್ಟು ಪಾವು ಎಂದು ಲೆಕ್ಕ ಹಾಕುವುದಕ್ಕೆ ನನಗೂ ಧೈರ್ಯ ಬರಲಿಲ್ಲ.

ಪಾವಿನ ತಗ್ಗನ್ನು ಒಳಗಿನಿಂದ ಬಡಿದು ಸರಿಮಾಡಿಸಬೇಕೆಂದು ಅವರು ಹಟ ಹಿಡಿದಿದ್ದಾರೆ. ಪಾತ್ರೆಗೆ ಕಲಾಯಿ ಹಾಕುವವರು, ಸೊಟ್ಟ ತೆಗೆಯುವವರು ನಮ್ಮ ಬೀದಿಗೆ ಬರುವುದು ನಿಂತು ಎಷ್ಟೋ ಕಾಲವಾಯಿತು. ಅಂಚೆಟ್ಟಿಯಲ್ಲಿ ಕೇಳಿದೆ, ಡೆಂಕಣಿಕೋಟೆಯಲ್ಲಿಯೂ ಕೇಳಿದೆ. ಹಳೆಯದನ್ನು ತೂಕಕ್ಕೆ ಹಾಕಿ ಹೊಸದನ್ನು ಕೊಂಡುಕೊಳ್ಳಿ ಎಂದರು. ಅಜ್ಜಿಯ ಪಾವನ್ನು ತೂಕಕ್ಕೆ ಹಾಕಲು ಅವರು ಒಪ್ಪುವುದಿಲ್ಲ. ಮೊನ್ನೆ ಭಾನುವಾರ ಗೋಡೆಯ ಆಚೆಯಿಂದ, "ಅಕ್ಕಾ, ಹೆಪ್ಪಿಗೆ ಮೊಸರಿದೆಯೆ?" ಎಂಬ ಧ್ವನಿ ಕೇಳಿಸಿತು. ನಮ್ಮ ತಾಯಿಯವರು ಮೊಸರಿನ ಬಟ್ಟಲನ್ನು ಹಿಡಿದು ಎದ್ದರು. ಹೋಗುವಾಗ ರಾಗಿಯ ಡಬ್ಬದಲ್ಲಿಯೂ ಕೈಯಿಟ್ಟು ಒಂದು ಹಿಡಿ ತೆಗೆದುಕೊಂಡು, ಸೆರಗಿನಲ್ಲಿ ಮುಚ್ಚಿಕೊಂಡು ಗೋಡೆಯ ಕಡೆಗೆ ನಡೆದರು.